ಟ್ಯಾಕ್ಸ್ ಅಂಕಲ್ ದನಿ, ಚಿಕ್ಕಮ್ಮನ ಸ್ಲ್ಯಾಬು

ನನಗೆ ಬರುವ ವಿದ್ಯೆ ಒಂದೇ: ಬೇರೆಯವರ ಹಾಗೆ ಮಾತಾಡುವುದು. ಏಳನೇ ವಯಸ್ಸಿಗೆ ಮೈಸೂರು ಬಿಟ್ಟು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ಗೆ ಬಂದವನಿಗೆ ಕನ್ನಡ ಉಳಿದದ್ದೂ ಅದರಿಂದಲೇ. ನನ್ನ ಜೊತೆಯ ಹುಡುಗರು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಪಾರಾಗುತ್ತಿದ್ದರು. ನಾನು ಅವರ ಅಪ್ಪ ಅಮ್ಮಂದಿರ ದನಿಯಲ್ಲೇ ಅವರನ್ನು ಬೈದು ನಗಿಸುತ್ತಿದ್ದೆ. ‘ಹೊರಟೆವು’ ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮುಕ್ಕಾಲು ಗಂಟೆ ನಿಲ್ಲುವ ಆಂಟಿ, ಖಾಲಿ ಪಾರ್ಕಿಂಗ್ ಲಾಟಿನಲ್ಲೂ ಕಾರನ್ನು ನಾಲ್ಕು ಸಲ ಹಿಂದೆ ಮುಂದೆ ಮಾಡುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಆಫೀಸಿನಲ್ಲಿ ಬಾಸ್ ಎದುರು ನನ್ನ ಗಂಟಲು ತಾನಾಗಿ ದಪ್ಪವಾಗಿ, ಟಿವಿಯಲ್ಲಿ ಹವಾಮಾನ ಹೇಳುವವನ ಹಾಗೆ ಆಗಿಬಿಡುತ್ತದೆ. ಆ ದನಿಯನ್ನು ಮನೆಗೆ ಬಂದು ಅಮ್ಮನಿಗೆ ಮಾಡಿ ತೋರಿಸುತ್ತೇನೆ. ‘ಅಯ್ಯೋ, ಇವನಿಗೆ ಸಂಬಳ ಬೇರೆ ಕೊಡ್ತಾರಾ’ ಎನ್ನುತ್ತಾಳೆ ಅಮ್ಮ.

ನನ್ನ ಅಂಗಡಿಯ ಅತಿ ಒಳ್ಳೆಯ ಸರಕು ಎಂದರೆ ಟ್ಯಾಕ್ಸ್ ಅಂಕಲ್.

ಅವರು ವಿಜಯಪುರದವರು. ನಮ್ಮ ಪಕ್ಕದೂರು ಲೈಲ್‌ನ ಒಂದು ಸ್ಟ್ರಿಪ್ ಮಾಲಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಗೂ ಹುಬ್ಬು ತಿದ್ದುವ ಅಂಗಡಿಗೂ ನಡುವೆ ಅವರ ಒಂದೇ ಕೋಣೆಯ ಆಫೀಸು. ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಗ್ಯಾಸ್ ಸ್ಟೇಷನ್ನುಗಳ, ಕಿರಾಣಿ ಅಂಗಡಿಗಳ ಲೆಕ್ಕ ಬರೆಯುತ್ತಾರೆ. ಜನವರಿಯ ಕೊನೆಯಿಂದ ಏಪ್ರಿಲ್ ಹದಿನೈದರವರೆಗೆ ನಮ್ಮೆಲ್ಲರ ಇನ್‌ಕಮ್ ಟ್ಯಾಕ್ಸ್. ಅವರ ಬಾಯಿಂದ ಯಾವ ಸಂಖ್ಯೆಯೂ ಹಾಗೇ ಬರುವುದಿಲ್ಲ. ಮೊದಲು ಒಂದು ಕೆಮ್ಮು, ಆಮೇಲೆ ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಎರಡು ಸಲ ಟಕ್ ಟಕ್, ಅದಾದ ಮೇಲೆ ಸಂಖ್ಯೆ. ಬಂದ ಮೇಲೆ ಅದು ಬದಲಾಗುವುದಿಲ್ಲ. ಕಂಪ್ಯೂಟರು ಆಮೇಲೆ ಅದನ್ನೇ ಹೇಳಿದಾಗ ಅವರು ‘ಹೂಂ, ಇದೂ ಶ್ಯಾಣ್ಯಾ ಐತಿ’ ಎಂದು ಅದಕ್ಕೊಂದು ಶಹಬ್ಬಾಸ್ ಕೊಡುತ್ತಾರೆ.

ಜನವರಿಯಲ್ಲಿ ಒಂದು ಭಾನುವಾರ ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಕೂತಿದ್ದೆವು. ದೋಸೆಯ ನಂಬರು ಕೂಗುವುದು ತಡವಾಗಿತ್ತು. ಗೆಳೆಯರು ‘ಟ್ಯಾಕ್ಸ್ ಅಂಕಲ್ ಮಾಡೋ’ ಎಂದರು. ಮಾಡಿದೆ. ಕೆಮ್ಮಿದೆ, ಚಮಚದಲ್ಲಿ ಟಕ್ ಟಕ್ ಎನಿಸಿದೆ, ಶುರು ಮಾಡಿದೆ:

‘ನೋಡ್ರೀ, ಅಮೆರಿಕಾದ ಟ್ಯಾಕ್ಸ್ ಅಂದ್ರ ಹಾವು ಏಣಿ ಆಟ ಇದ್ದಂಗ. ಗೆರಿ ಒಳಗ ಇರೂತನಾ ಛಲೋ. ಒಂದ ಡಾಲರ್ ಗೆರಿ ದಾಟಿದ್ರಿ, ಹಾವು ನುಂಗಿತು! ನಿಮ್ಮ ಎಲ್ಲಾ ರೊಕ್ಕಕ್ಕೂ ಮ್ಯಾಲಿನ ರೇಟು. ಅದಕ್ಕ ಬಾಸು ಪ್ರಮೋಷನ್ ಕೊಡ್ತೀನಿ ಅಂದ್ರ ಕೈ ಮುಗದು, ಬ್ಯಾಡ್ರೀ ಸಾಹೇಬ್ರ, ನನಗ ಮಕ್ಕಳಿದಾವು, ಅನ್ರಿ.’

ಮೇಜು ನಕ್ಕಿತು. ಪಕ್ಕದ ಮೇಜೂ ನಕ್ಕಿತು. ಅದನ್ನೇ ಇನ್ನೊಮ್ಮೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ನಮ್ಮ ಕಸಿನ್ನುಗಳ ವಾಟ್ಸಾಪ್ ಗುಂಪಿಗೆ ಹಾಕಿ, ದೋಸೆ ತಿಂದು ಮನೆಗೆ ಬಂದೆ.

ಆರು ವಾರ ಕಳೆದು, ಮಾರ್ಚಿನಲ್ಲಿ, ಅಮ್ಮ ಒಂದು ಬುಧವಾರ ಸಾರಿಗೆ ಒಗ್ಗರಣೆ ಹಾಕುತ್ತಾ ಅಂದಳು: ‘ನಿಮ್ಮ ಚಿಕ್ಕಮ್ಮಂಗೆ ಪ್ರಮೋಷನ್ ಕೊಡ್ತಾರಂತೆ. ಬೇಡ ಅಂತಿದಾಳೆ ಪಾಪ. ಅದೇನೋ ಟ್ಯಾಕ್ಸ್ ಬ್ರ್ಯಾಕೆಟ್ ದಾಟತ್ತಂತೆ.’

ನನ್ನ ಚಿಕ್ಕಮ್ಮ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದಾಳೆ. ಡೆಟ್ರಾಯಿಟ್ ಊರೊಳಗಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಹನ್ನೊಂದು ವರ್ಷದಿಂದ ರಾತ್ರಿ ಪಾಳಿ. ಅವಳ ಮಗಳು ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಾಳೆ. ಆ ಕಛೇರಿಗಳಲ್ಲಿ ಚಿಕ್ಕಮ್ಮ ಮೊದಲ ಹಾಡಿಗೆ ಬಂದು ಕೂತು ಎರಡನೆಯದಕ್ಕೆ ನಿದ್ದೆ ಹೋಗುತ್ತಾಳೆ. ಅದನ್ನೂ ನಾನು ಮಾಡಿ ತೋರಿಸಿದ್ದೇನೆ, ಕತ್ತು ವಾಲುವುದು, ಚಪ್ಪಾಳೆಗೆ ಬೆಚ್ಚಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುವುದು, ಎಲ್ಲ. ಈಗ ಅವಳಿಗೆ ಕೊಡುತ್ತೇವೆ ಎಂದದ್ದು ಲ್ಯಾಬಿನ ಲೀಡ್ ಕೆಲಸ. ಹಗಲು ಪಾಳಿ. ಏಳರಿಂದ ಮೂರೂವರೆ.

‘ಬ್ರ್ಯಾಕೆಟ್ ಅಂತ ಅವಳಿಗ್ಯಾರು ಹೇಳಿದ್ದು?’ ಎಂದೆ.

‘ನಿಮ್ಮ ಟ್ಯಾಕ್ಸ್ ಅಂಕಲ್ಲೇ. ಅವರ ವಾಯ್ಸ್ ಮೆಸೇಜ್ ಬಂದಿದೆಯಂತೆ, ಅವಳ ಲೇಡೀಸ್ ಗ್ರೂಪಿಗೆ. ಹಾವು ಏಣಿ ಆಟ ಇದ್ದ ಹಾಗೆ ಅಂತ ಹೇಳಿದಾರಂತೆ.’

ಒಗ್ಗರಣೆ ಸಿಡಿಯಿತು. ನನಗೆ ಕೆಮ್ಮು ಬಂತು. ಈ ಸಲ ನನ್ನದೇ ಕೆಮ್ಮು.

ಕೋಣೆಗೆ ಹೋಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

‘ಚಿಕ್ಕಮ್ಮ, ಆ ಮೆಸೇಜ್ ಅಂಕಲ್‌ದಲ್ಲ. ಅದು ನಾನು.’

‘ರೀಲು ಬಿಡಬೇಡ. ಒಂಬತ್ತು ವರ್ಷದಿಂದ ನಮ್ಮನೇ ಊಟದ ಟೇಬಲ್ ಮೇಲೇ ಟ್ಯಾಕ್ಸ್ ಮಾಡ್ತಾರೆ ಅವ್ರು. ಆ ಕೆಮ್ಮು ನಂಗೊತ್ತಿಲ್ವಾ?’

ನಾನು ಕೆಮ್ಮಿದೆ. ಟಕ್ ಟಕ್ ಮಾಡಿದೆ. ‘ನೋಡ್ರೀ ತಂಗೀ’ ಎಂದೆ.

‘ಮುಂಡೇದೇ,’ ಎಂದಳು ಚಿಕ್ಕಮ್ಮ. ‘ಹಾಗಾದ್ರೆ ಅದ್ರಲ್ಲಿ ಹೇಳಿರೋದು ಸುಳ್ಳಾ?’

ಇಲ್ಲಿ ನಾನು ನಿಜ ಒಪ್ಪಿಕೊಳ್ಳಬೇಕು. ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಆಗಲೇ ಗೊತ್ತಾದದ್ದು, ನನಗೆ ಗೊತ್ತಿಲ್ಲ ಎಂದು. ಕ್ಯಾಂಟೀನಿನಲ್ಲಿ ನಾನು ಮಾಡಿದ್ದು ತಮಾಷೆಯ ದನಿ ಮಾತ್ರ. ಒಳಗಿನ ಮಾತನ್ನು ನಾನೂ ನಂಬಿದ್ದೆ. ಎಲ್ಲರೂ ಹೇಳುತ್ತಾರಲ್ಲ, ಬ್ರ್ಯಾಕೆಟ್ ದಾಟಿದರೆ ಕೆಟ್ಟೆವು ಎಂದು. ಹಿಂದಿನ ವರ್ಷ ಬಾಸು ಕೊಟ್ಟ ಎರಡು ಶನಿವಾರದ ಓವರ್‌ಟೈಮನ್ನು ಅದೇ ಭಯದಿಂದ ಬೇಡ ಎಂದಿದ್ದೆ, ಹವಾಮಾನದ ದನಿಯಲ್ಲಿ.

‘ಗೊತ್ತಿಲ್ಲ ಚಿಕ್ಕಮ್ಮ,’ ಎಂದೆ.

‘ನಿಂಗೇ ಗೊತ್ತಿಲ್ಲ. ನಾನು ಲೆಕ್ಕ ಹಾಕಿದೀನಿ ಕಣೋ. ರಾತ್ರಿ ಪಾಳಿ ಭತ್ಯೆ ಹೋಗಿ ಸಂಬಳ ಜಾಸ್ತಿ ಆಗೋದು ವರ್ಷಕ್ಕೆ ಆರು ಸಾವಿರ. ನಮ್ಮಿಬ್ಬರ ಆದಾಯ ಹನ್ನೆರಡು ಪರ್ಸೆಂಟಿಂದ ಇಪ್ಪತ್ತೆರಡಕ್ಕೆ ಹೋಗತ್ತೆ. ಎಲ್ಲಾದರ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ ಅಂದ್ರೆ ಹತ್ತತ್ರ ಹತ್ತು ಸಾವಿರ. ಪ್ರಮೋಷನ್ ತಗೊಂಡು ನಾಲ್ಕು ಸಾವಿರ ಕೈಯಿಂದ ಕಟ್ಲಾ? ನಮ್ಮಪ್ಪಾನೂ ಹಾಗೇ ಹೇಳ್ತಿದ್ರು, ಸ್ಲ್ಯಾಬ್ ದಾಟಬಾರದು ಅಂತ. ಸೋಮವಾರ ಬೆಳಿಗ್ಗೆ ಹೇಳ್ಬೇಕು ಅವ್ರಿಗೆ. ಬೇಡ ಅಂತ ಈಮೇಲ್ ಬರೆದಿಟ್ಟಿದೀನಿ.’

ಸೋಮವಾರಕ್ಕೆ ಐದು ದಿನವಿತ್ತು.

ಮರುದಿನ ಮಧ್ಯಾಹ್ನ ಆಫೀಸಿನಿಂದ ತಪ್ಪಿಸಿಕೊಂಡು ಅಂಕಲ್ ಅಂಗಡಿಗೆ ಹೋದೆ. ರಂಜಾನ್ ತಿಂಗಳು. ಅವರ ಎದುರಿಗೆ ನೀರಿನ ಬಾಟಲಿ ಇರಲಿಲ್ಲ, ಫೈಲುಗಳು ಮಾತ್ರ ಗಲ್ಲದವರೆಗೆ. ವರ್ಷದ ಅತಿ ಕಷ್ಟದ ದುಡಿಮೆ, ಅದೂ ಉಪವಾಸದಲ್ಲಿ. ನಾನಾದರೆ ಬೆಳಗಿನ ತಿಂಡಿ ಅರ್ಧ ಗಂಟೆ ತಡವಾದರೆ ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತೇನೆ.

ಎಲ್ಲವನ್ನೂ ಹೇಳಿದೆ. ಫೋನನ್ನು ಮೇಜಿನ ಮೇಲಿಟ್ಟು ಮೆಸೇಜ್ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿ ಇನ್ನೊಮ್ಮೆ ಕೇಳಿದರು.

‘ಕೆಮ್ಮು ಛಲೋ ಬಂದೈತಿ,’ ಎಂದರು.

‘ಸಾರಿ ಅಂಕಲ್.’

‘ಲೆಕ್ಕ ತಪ್ಪೈತಿ.’

ಅಷ್ಟೇ. ಬೈಗುಳ ಅಲ್ಲಿಗೆ ಮುಗಿಯಿತು. ನಾನು ತಿಂಗಳುಗಟ್ಟಲೆ ಅವರ ದನಿ ಹಿಡಿದಿದ್ದೇನೆ, ಆದರೆ ಇಷ್ಟು ಕಡಿಮೆ ಮಾತಿನಲ್ಲಿ ಒಬ್ಬನನ್ನು ಇಷ್ಟು ಸಣ್ಣಗೆ ಮಾಡುವುದು ಹೇಗೆಂದು ಇನ್ನೂ ಹಿಡಿಯಲಾಗಿಲ್ಲ.

ಅವರೇ ಚಿಕ್ಕಮ್ಮನಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ.

‘ನಮಸ್ಕಾರ ತಂಗೀ. ನಾ ಲೈಲ್‌ನಿಂದ ಮಾತಾಡಾಕತ್ತೀನಿ.’

‘ಲೋ ಕಪಿ! ಮತ್ತೆ ಶುರು ಮಾಡಿದ್ಯಾ?’

‘ಇಲ್ರೀ ತಂಗೀ, ನಾನ ಮಾತಾಡೂದು…’ ಕೆಮ್ಮು ಬಂತು, ಪಾಪ, ಅವರ ಸ್ವಂತದ್ದು.

‘ಕೆಮ್ಮು ಬೇರೆ! ಚೆನ್ನಾಗ್ ಮಾಡ್ತೀಯ, ಒಪ್ಕೋತೀನಿ. ಈಗ ತಾನೇ ಮಲಗಿದ್ದೆ ಕಣೋ. ನಿದ್ದೆ ಕೆಡಿಸಬೇಡ.’

ನಾನು ಮಧ್ಯೆ ಬಾಯಿ ಹಾಕಿದೆ: ‘ಚಿಕ್ಕಮ್ಮ, ಇವ್ರು ನಿಜವಾದ ಅಂಕಲ್. ನಾನಿಲ್ಲಿ ಪಕ್ಕದಲ್ಲಿದೀನಿ. ವಿಡಿಯೋ ಮಾಡ್ಲಾ?’

‘ಎರಡು ದನೀನೂ ನೀನೇ ಮಾಡ್ತಿದೀಯ ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು. ಈಗ ಮುಖಾನೂ ಕಂಪ್ಯೂಟರಲ್ಲೇ ಮಾಡ್ತಾರಂತೆ. ಮಲಗ್ತೀನಿ, ಇಡು.’

ಅಂಕಲ್ ಫೋನನ್ನು ಸ್ವಲ್ಪ ಹೊತ್ತು ನೋಡಿದರು. ‘ಇಪ್ಪತ್ತೆರಡು ವರ್ಷ ಆತು ಈ ಅಂಗಡಿ ಇಟ್ಟು. ನಿನ್ನೀ ತನಾ ನನ್ನ ಮಾತಿಗೆ ಬೆಲಿ ಇತ್ತು,’ ಎಂದರು. ಆಮೇಲೆ ನಕ್ಕರು, ಹೊಟ್ಟೆ ಕುಣಿಯುವಂತೆ. ‘ಶನಿವಾರ ಹೆಂಗೂ ಕ್ಯಾಂಟನ್‌ಗೆ ಹೊಂಟೀನಿ. ನೀ ಡ್ರೈವ್ ಮಾಡು. ಇದ ನಿನಗ ದಂಡ.’

ಪ್ರತಿ ಮಾರ್ಚಿನಲ್ಲಿ ಒಂದು ಶನಿವಾರ ಅವರು ಡೆಟ್ರಾಯಿಟ್ ಕಡೆಯ ಕನ್ನಡದ ಮನೆಗಳ ಟ್ಯಾಕ್ಸ್ ಮಾಡಲು ಹೋಗುತ್ತಾರೆ. ಚಿಕ್ಕಮ್ಮನ ಮನೆಯ ಊಟದ ಮೇಜೇ ಆಫೀಸು. ಜನ ಫೈಲು ಹಿಡಿದು ಬರುತ್ತಾರೆ, ಜೊತೆಗೆ ಒಂದೊಂದು ಡಬ್ಬಿ ತಿಂಡಿ.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಸುಮಾರು ಇನ್ನೂರ ಎಪ್ಪತ್ತು ಮೈಲಿ. ಹೈವೇ ಹತ್ತಿದ ಮೇಲೆ ಕೇಳಿಯೇಬಿಟ್ಟೆ: ‘ಅಂಕಲ್, ಹಾಗಾದ್ರೆ ನಿಜ ಏನು?’

‘ಏಣಿ ಅದ. ಹಾವಿಲ್ಲ,’ ಎಂದರು.

ಅಲ್ಲಿಂದ ಇಂಡಿಯಾನಾ ಗಡಿಯವರೆಗೆ ಪಾಠ. ದೇಶದ ಟ್ಯಾಕ್ಸಿಗೆ ಏಳು ಮೆಟ್ಟಿಲು. ಹತ್ತು, ಹನ್ನೆರಡು, ಇಪ್ಪತ್ತೆರಡು, ಇಪ್ಪತ್ನಾಲ್ಕು, ಮೂವತ್ತೆರಡು, ಮೂವತ್ತೈದು, ಮೂವತ್ತೇಳು. ಮೊದಲು ಒಂದಿಷ್ಟು ಆದಾಯಕ್ಕೆ ಟ್ಯಾಕ್ಸೇ ಇಲ್ಲ, ಅದನ್ನು ಕಳೆದೇ ಲೆಕ್ಕ ಶುರು. ಒಂದೊಂದು ಮೆಟ್ಟಿಲಿನ ಮೇಲೆ ಬಿದ್ದ ದುಡ್ಡಿಗೆ ಆ ಮೆಟ್ಟಿಲಿನ ದರ, ಅಷ್ಟೇ. ಮೇಲಿನ ಮೆಟ್ಟಿಲಿಗೆ ಕಾಲಿಟ್ಟರೆ ಕೆಳಗಿನ ಮೆಟ್ಟಿಲಿನ ದುಡ್ಡು ಎದ್ದು ಹಿಂದೆ ಬರುವುದಿಲ್ಲ. ಅದು ಅಲ್ಲೇ, ತನ್ನ ದರದಲ್ಲೇ ಕೂತಿರುತ್ತದೆ.

‘ಮುನ್ನೂರ ಡಾಲರ್ ಗೆರಿ ದಾಟ್ತು ಅಂತ ತಿಳಿ. ಹನ್ನೆರಡರಾಗ ಇದ್ದಿದ್ರ ಮೂವತ್ತಾರ ಡಾಲರ್ ಟ್ಯಾಕ್ಸ್. ಇಪ್ಪತ್ತೆರಡರಾಗ ಅರವತ್ತಾರ. ಹೆಚ್ಚಿಗಿ ಎಷ್ಟಾತು?’

‘ಮೂವತ್ತು.’

‘ಮೂವತ್ತ ಡಾಲರ್ ಸಲುವಾಗಿ ಮುನ್ನೂರ ಡಾಲರ್ ಬ್ಯಾಡ ಅಂದವ್ರು ಯಾರು?’

ನಾನು ಎರಡು ಶನಿವಾರಗಳನ್ನು ನೆನೆದು ಎಕ್ಸಿಟ್ ಬೋರ್ಡುಗಳನ್ನು ಗಮನವಿಟ್ಟು ಓದತೊಡಗಿದೆ.

ರಾಜ್ಯದ್ದು ಬೇರೆ ಕಥೆ. ನಮ್ಮ ಇಲಿನಾಯ್‌ಗೆ ಮೆಟ್ಟಿಲೇ ಇಲ್ಲ, ಸಪಾಟು ನೆಲ. ಎಲ್ಲರಿಗೂ ನೂರಕ್ಕೆ ನಾಲ್ಕು ಪಾಯಿಂಟ್ ತೊಂಬತ್ತೈದು, ಆಸ್ಪತ್ರೆಯ ಮಾಲೀಕನಿಗೂ ಅಷ್ಟೇ, ಅದರ ನೆಲ ಒರೆಸುವವನಿಗೂ ಅಷ್ಟೇ. ಇಂಡಿಯಾನಾವೂ ಸಪಾಟು, ಆದರೆ ಅಲ್ಲಿ ಕೌಂಟಿಯದೊಂದು ಮೇಲೆ. ಮಿಶಿಗನ್ ಸಪಾಟು, ನಾಲ್ಕೂಕಾಲು. ಡೆಟ್ರಾಯಿಟ್ ಊರಿನದು ಮತ್ತೊಂದು. ಆ ಊರಲ್ಲೇ ವಾಸವಿದ್ದರೆ ಎರಡು ಪಾಯಿಂಟ್ ನಾಲ್ಕು. ಹೊರಗಿನಿಂದ ಬಂದು ದುಡಿದು ಹೋಗುವವರಿಗೆ ಅದರ ಅರ್ಧ. ಅಂಕಲ್ ಇದನ್ನೆಲ್ಲ ಹೇಳುವಾಗ, ಕಿಟಕಿಯಾಚೆ ಹಾದುಹೋಗುತ್ತಿದ್ದ ನೆಲವೇ ತನ್ನ ದರವನ್ನು ಅವರ ಕಿವಿಯಲ್ಲಿ ಹೇಳುತ್ತಿದೆಯೇನೋ ಎನ್ನಿಸುತ್ತಿತ್ತು. ನಾನು ಆ ರಸ್ತೆಯಲ್ಲಿ ಹತ್ತಾರು ಸಲ ಹೋಗಿದ್ದೇನೆ. ನನಗೆ ಗೊತ್ತಿದ್ದದ್ದು ಎಲ್ಲೆಲ್ಲಿ ಬಾತ್‌ರೂಮು ಚೆನ್ನಾಗಿದೆ ಎಂಬುದು ಮಾತ್ರ.

‘ಮಿಶಿಗನ್‌ನಲ್ಲಿ ಮನೆ, ಇಲಿನಾಯ್‌ನಲ್ಲಿ ಕೆಲಸ ಇದ್ರೆ? ಎರಡೂ ಕಡೆ ಕಟ್ಬೇಕಾ?’

‘ಸಂಬಳಕ್ಕ ಮನಿ ಇದ್ದಲ್ಲಿ ಅಷ್ಟ. ಎರಡೂ ರಾಜ್ಯ ಮಾತಾಡ್ಕೊಂಡಾವ, ನಿನ್ನವ್ರ ರೊಕ್ಕ ನಾ ಮುಟ್ಟೂದಿಲ್ಲ, ನನ್ನವ್ರದು ನೀ ಮುಟ್ಟಬ್ಯಾಡ ಅಂತ.’

‘ನಮ್ಮ ಬಡಾವಣೆ ಆಂಟಿಯರಿಗೂ ಹಾಗೊಂದು ಒಪ್ಪಂದ ಮಾಡಿಸಿ ಅಂಕಲ್, ಒಬ್ಬರ ಮನೆ ಸುದ್ದಿ ಇನ್ನೊಬ್ರು ಮುಟ್ಟದ ಹಾಗೆ.’

‘ಅದು ನನ್ನ ಕೈಲೆ ಆಗೂದಿಲ್ಲೋ ತಮ್ಮಾ,’ ಎಂದರು ಗಂಭೀರವಾಗಿ.

ಮಿಶಿಗನ್ ಒಳಗೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸು ಎಂದರು. ತಮಗೇನೋ ಎಂದುಕೊಂಡೆ. ಅವರು ಚೀಲದಿಂದ ತಮ್ಮ ಹೆಂಡತಿ ಕಟ್ಟಿಕೊಟ್ಟ ಚಪಾತಿ ರೋಲ್ ತೆಗೆದು ನನ್ನ ಕೈಗಿಟ್ಟರು. ‘ತಿನ್ನು. ಹಸದಾವ ಸ್ಟಿಯರಿಂಗ್ ಹಿಡೀಬಾರದು. ನಾ ಹಿಡದಿಲ್ಲಲ್ಲ.’ ಉಪವಾಸವಿದ್ದವರ ಎದುರು ತಿನ್ನುವ ನಾಚಿಕೆಗೆ ಅರ್ಧ ಬಿಡೋಣ ಎಂದುಕೊಂಡೆ. ರೋಲ್ ಬಹಳ ಚೆನ್ನಾಗಿತ್ತು. ಬಿಡಲಿಲ್ಲ.

ಕ್ಯಾಂಟನ್ ತಲುಪಿದಾಗ ಹನ್ನೆರಡು. ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಬಾಗಿಲು ತೆರೆದ ಚಿಕ್ಕಮ್ಮ ಅಂಕಲ್‌ರನ್ನು ಮೇಲಿನಿಂದ ಕೆಳಗೆ ನೋಡಿ, ಆಮೇಲೆ ನನ್ನನ್ನು ನೋಡಿ, ‘ಸಾರ್, ಗುರುವಾರ ಫೋನ್ ಮಾಡಿದ್ದು…’ ಎಂದಳು.

‘ನಾನ ರೀ. ಕಪಿ.’

ಚಿಕ್ಕಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹತ್ತು ನಿಮಿಷ ಕ್ಷಮೆ ಕೇಳಿದಳು. ಅಷ್ಟೂ ಹೊತ್ತು ಅವರು ‘ಇರ್ಲಿ ಬಿಡ್ರಿ, ನನಗೂ ಒಂದು ಹೆಸರಾತು’ ಎನ್ನುತ್ತಾ ಲ್ಯಾಪ್‌ಟಾಪ್ ಬಿಚ್ಚಿ, ಪೆನ್ಸಿಲ್ ಚೂಪು ಮಾಡಿ, ಮೇಜಿಗೆ ಕೂತಿದ್ದರು.

ಆರೂ ಕಾಲರ ತನಕ ಜನ ಬಂದರು. ಡಬ್ಬಿಗಳು ಅಡಿಗೆ ಕಟ್ಟೆಯ ಮೇಲೆ ಒಂದರ ಮೇಲೊಂದು ಕೂತವು, ಯಾವುದನ್ನೂ ತೆರೆಯದೆ. ನಾನು ಸೋಫಾದಲ್ಲಿ ಬಿದ್ದುಕೊಂಡು ಅಂಕಲ್‌ರನ್ನೇ ನೋಡುತ್ತಿದ್ದೆ, ಕಲಿಯಲೆಂದು. ಅನುಕರಣೆ ಮಾಡುವವನಿಗೆ ಇದು ಅಭ್ಯಾಸ. ಒಬ್ಬ ಮನುಷ್ಯನ ಸುತ್ತ ಯಾವುದು ಸಡಿಲವಾಗಿದೆ, ಯಾವುದನ್ನು ಕಿತ್ತುಕೊಂಡು ಹೋಗಬಹುದು ಎಂದು ಹುಡುಕುವುದು. ಕೆಮ್ಮು ಸಿಕ್ಕಿತ್ತು, ಟಕ್ ಟಕ್ ಸಿಕ್ಕಿತ್ತು. ಆದರೆ ಪ್ರತಿಯೊಬ್ಬರಿಗೂ ಲೆಕ್ಕಕ್ಕೆ ಮೊದಲು ಅವರು ಒಂದಿಷ್ಟು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಬರುವ ತನಕ ಪೆನ್ಸಿಲ್ ಎತ್ತುತ್ತಿರಲಿಲ್ಲ. ಮೂರು ಗಂಟೆಗೆ ತುಟಿ ಒಣಗಿತ್ತು, ಐದಕ್ಕೆ ದನಿ ಸಣ್ಣಗಾಗಿತ್ತು. ಪ್ರಶ್ನೆ ಒಂದೂ ಕಡಿಮೆಯಾಗಲಿಲ್ಲ. ಅದನ್ನು ನಾನು ಒಂದು ದಿನವೂ ಮಾಡಿ ತೋರಿಸಿರಲಿಲ್ಲ. ಅದರಲ್ಲಿ ನಗು ಬರುವಂಥದ್ದೇನೂ ಇರಲಿಲ್ಲವಲ್ಲ.

ಕೊನೆಗೆ ಚಿಕ್ಕಮ್ಮ ಕೂತಳು. ಸಂಬಳದ ಚೀಟಿ, ಚಿಕ್ಕಪ್ಪನದೊಂದು, ಪ್ರಮೋಷನ್ ಪತ್ರ. ಅಂಕಲ್ ಕೇಳಿದರು: ಆರು ಸಾವಿರ ಎಂದದ್ದು ರಾತ್ರಿ ಭತ್ಯೆ ಕಳೆದ ಮೇಲೋ? ಹೌದು. ಆರೋಗ್ಯದ ಇನ್ಶೂರೆನ್ಸಿಗೆ, ಮಗಳ ಶಾಲೆಗೆ ಸರ್ಕಾರದಿಂದ ಏನಾದರೂ ನೆರವು ಬರುತ್ತದೋ? ಇಲ್ಲ.

‘ಬರ್ತಿದ್ರ ನಾ ಇನ್ನೊಂದ ಲೆಕ್ಕ ಮಾಡತಿದ್ನಿ. ಆದಾಯ ಏರಿದ್ರ ಕೆಲವು ನೆರವು ಕಟ್ ಆಗ್ತಾವ. ಈ ಹುಡುಗ ಹೇಳಿದ ಹಾವು ಎಲ್ಲ್ಯಾರ ಇದ್ರ ಅಲ್ಲಿರ್ತದ, ಸ್ಲ್ಯಾಬಿನಾಗ ಅಲ್ಲ. ನಿಮ್ಮನ್ಯಾಗ ಆ ಹಾವಿಲ್ಲ.’

‘ಆದ್ರೆ ಸಾರ್, ಗೆರೆ ದಾಟತ್ತಲ್ಲ?’

ಅವರು ಪೆನ್ಸಿಲ್ ಕೆಳಗಿಟ್ಟರು. ‘ತಂಗೀ, ಮೈಸೂರಾಗ ನಿಮ್ಮನೀ ಕರೆಂಟ್ ಮೀಟರ್ ಎಲ್ಲಿತ್ತು?’

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ‘ಮುಂಬಾಗಿಲ ಪಕ್ಕ. ಯಾಕೆ?’

‘ಈ ದೇಶಕ್ಕ ಬರೂಕಿಂತ ಮೊದಲ ನಾ ವಿಜಾಪುರದಾಗ ಮೀಟರ್ ಓದಾವ. ಓಣಿ ಓಣಿ ತಿರುಗಿ. ಮೂವತ್ತ ಯೂನಿಟ್‌ಗೆ ಒಂದ ರೇಟು, ಅದರ ಮ್ಯಾಲಿಂದಕ್ಕ ಹೆಚ್ಚಿನ ರೇಟು. ಮೂವತ್ತೊಂದ ಆಗಿದ್ರ ಜನ ಕೈ ಹಿಡೀತಿದ್ರು, ಸಾಹೇಬ್ರ, ಒಂದ ಕಡಿಮಿ ಬರೀರಿ, ಸ್ಲ್ಯಾಬ್ ದಾಟ್ತದ ಅಂತ. ಹೆಚ್ಚಿನ ರೇಟು ಆ ಒಂದ ಯೂನಿಟ್‌ಗೆ ಅಷ್ಟ ರೀ, ಉಳದ ಮೂವತ್ತಕ್ಕ ಹಳೇ ರೇಟ, ಅಂತ ಎಷ್ಟ ಹೇಳಿದ್ರೂ ನಂಬತಿರಲಿಲ್ಲ.’

ನಮ್ಮ ತಾತನ ಮನೆಯ ಆ ಗೋಡೆ ನನಗೂ ನೆನಪಿದೆ. ಮೀಟರಿನ ಕೆಳಗೆ ಸುಣ್ಣದ ಮೇಲೆ ಪೆನ್ಸಿಲಿನಲ್ಲಿ ಬರೆದ ಸಂಖ್ಯೆಗಳು, ಒಂದರ ಕೆಳಗೊಂದು, ದಿನದಿನದವು. ತಾತ ಬರೆದವು.

‘ಅಪ್ಪ ತಿಂಗಳ ಕೊನೇಲಿ ಫ್ಯಾನ್ ಹಾಕೋಕೆ ಬಿಡ್ತಿರ್ಲಿಲ್ಲ,’ ಎಂದಳು ಚಿಕ್ಕಮ್ಮ. ‘ನನ್ನ ಪಿಯುಸಿ ಪರೀಕ್ಷೆ ಅಂದ್ರೂ ಬಿಡ್ಲಿಲ್ಲ. ಬೀದಿ ದೀಪದ ಬೆಳಕು ಬೀಳೋ ಕಿಟಕೀಲಿ ಕೂತು ಓದಿದೀನಿ. ಒಂದು ಯೂನಿಟ್ಟಿಗಾ ಸಾರ್?’

‘ಒಂದ ಯೂನಿಟ್‌ಗೆ.’

ಅವಳಿಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಎರಡನ್ನೂ ಮಾಡಲು ನನಗೆ ಬರುತ್ತದೆ, ಒಟ್ಟಿಗೆ ಮಾಡಲು ಬರುವುದಿಲ್ಲ.

ಅಂಕಲ್ ಪತ್ರದ ಹಿಂಬದಿಯಲ್ಲಿ ಒಂದು ಗೆರೆ ಎಳೆದರು. ‘ನೀವಿಬ್ರೂ ಈ ಗೆರಿಗೆ ಎರಡ ಸಾವಿರ ಕೆಳಗ ಅದೀರಿ. ಆರ ಸಾವಿರದಾಗ ಎರಡ ಸಾವಿರ ಹನ್ನೆರಡರಾಗ ಉಳೀತು. ಉಳದ ನಾಕ ಸಾವಿರ ಇಪ್ಪತ್ತೆರಡರಾಗ.’ ಕೆಮ್ಮು. ಟಕ್ ಟಕ್. ‘ದೇಶಕ್ಕ ಸಾವಿರದ ನೂರಾ ಇಪ್ಪತ್ತು. ಮಿಶಿಗನ್‌ಗೆ ಇನ್ನೂರಾ ಐವತ್ತೈದು. ಡೆಟ್ರಾಯಿಟ್‌ಗೆ ಎಪ್ಪತ್ತೆರಡು, ನಿಮ್ಮನಿ ಊರ ಹೊರಗ ಅದ ಅಂತ ಅರ್ಧ. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕೂಡಿ ನಾಕನೂರಾ ಐವತ್ತೊಂಬತ್ತು. ಎಲ್ಲಾ ಹೋಗಿ ನಿಮ್ಮ ಕೈಯಾಗ ನಾಕ ಸಾವಿರದ ತೊಂಬತ್ನಾಕು.’

ಚಿಕ್ಕಮ್ಮ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಇದನ್ನ ಮಾಡೋ ಈಗ, ನೋಡೋಣ,’ ಎಂದಳು. ‘ಒಂದೇ ಉಸಿರಲ್ಲಿ.’

ನಾನು ಕೆಮ್ಮಿದೆ. ಮೇಜಿಗೆ ಎರಡು ಸಲ ಬಡಿದೆ. ಮುಂದೆ ಏನೂ ಬರಲಿಲ್ಲ.

‘ಈಗ ನಂಬಿದೆ, ಇವ್ರೇ ನಿಜವಾದವ್ರು,’ ಎಂದು ಅವಳು ಫೋನ್ ತೆಗೆದಳು. ಬರೆದಿಟ್ಟ ಈಮೇಲನ್ನು ಅಳಿಸಿ ಹೊಸದು ಬರೆಯತೊಡಗಿದಳು. ನಾನು ಬರೆದುಕೊಡಲಾ ಎಂದೆ. ‘ನೀನು ಬಾಯಿ ಮುಚ್ಕೊಂಡು ಕೂತ್ಕೋ, ಅದೇ ಸಾಕು,’ ಎಂದಳು. ಎರಡು ಸಾಲು. ಬಹಳ ಸಂತೋಷ, ಒಪ್ಪಿದ್ದೇನೆ, ಹಗಲು ಪಾಳಿ ಯಾವಾಗಿನಿಂದ ಎಂದು ತಿಳಿಸಿ. ಕಳಿಸುವ ಮೊದಲು ಒಮ್ಮೆ ಅಂಕಲ್ ಮುಖ ನೋಡಿದಳು. ಅವರು ಆಗಲೇ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದರು.

ಕಳಿಸಿದಳು.

ಸೂರ್ಯ ಮುಳುಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಚಿಕ್ಕಮ್ಮ ಅಡಿಗೆ ಮನೆಗೆ ಓಡಿದಳು. ಹೆಸರುಬೇಳೆ ಮಧ್ಯಾಹ್ನವೇ ನೆನೆದಿತ್ತು. ಸೌತೆಕಾಯಿ ಹೆಚ್ಚಿದಳು, ನನ್ನಿಂದ ಕಾಯಿ ತುರಿಸಿದಳು, ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದಳು. ಅಂಕಲ್ ತಮ್ಮ ಚೀಲದಿಂದ ಖರ್ಜೂರ ತೆಗೆದಿಟ್ಟು ಫೋನಿನಲ್ಲಿ ಸಮಯ ನೋಡುತ್ತಾ ಕಿಟಕಿಯ ಬಳಿ ನಿಂತರು. ಹೊತ್ತು ಬಂದಾಗ ಒಂದು ಖರ್ಜೂರ, ಒಂದು ಲೋಟ ನೀರು, ಆಮೇಲೆ ಚಿಕ್ಕಮ್ಮನ ಕೋಸಂಬರಿ. ಎರಡನೆಯ ತುತ್ತಿಗೆ ಅಂಕಲ್, ‘ಮೀಟರ್ ಓದೋ ದಿನದಾಗ ಇಂಥಾ ಮನಿ ಒಂದೂ ಸಿಗಲಿಲ್ಲ ರೀ,’ ಎಂದರು.

ಚಿಕ್ಕಮ್ಮ ಹಗಲು ಪಾಳಿಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಮೇ ತಿಂಗಳಲ್ಲಿ ಹೊಸ ಸಂಬಳದ ಚೀಟಿ ಬಂತು. ಅದೇ ವಾರ ಮಗಳ ಕಛೇರಿಯೂ ಇತ್ತು. ಕೊನೆಯ ಹಾಡಿನವರೆಗೂ ಎಚ್ಚರವಿದ್ದಳಂತೆ, ಎರಡು ಕಡೆ ಶ್ರುತಿ ತಪ್ಪಿತು ಎಂದು ಮಗಳಿಗೆ ಹೇಳಿ ಬೈಸಿಕೊಂಡಳಂತೆ. ‘ನೀನು ನಿದ್ದೆ ಮಾಡ್ತಿದ್ದಾಗಲೇ ಚೆನ್ನಾಗಿತ್ತು’ ಎಂದಳಂತೆ ಮಗಳು, ಇಂಗ್ಲಿಷಿನಲ್ಲಿ.

ಅದಾದ ಮೇಲೊಂದು ದಿನ ನಾನು ಲೈಲ್‌ನಲ್ಲಿ ಅಂಕಲ್ ಅಂಗಡಿಯಲ್ಲಿ ಕೂತಿದ್ದಾಗ ನನ್ನ ಫೋನಿಗೆ ಅಮ್ಮ ಒಂದು ವಾಯ್ಸ್ ಮೆಸೇಜ್ ತಳ್ಳಿದಳು. ಚಿಕ್ಕಮ್ಮ ತನ್ನ ಲೇಡೀಸ್ ಗ್ರೂಪಿಗೆ ಹಾಕಿದ್ದು. ಒತ್ತಿದೆ. ಮೊದಲು ಒಂದು ಕೆಮ್ಮು. ಆಮೇಲೆ ಪಾತ್ರೆಗೆ ಸೌಟು ಬಡಿದ ಹಾಗೆ ಎರಡು ಸದ್ದು.

‘ನೋಡ್ರೀ,’ ಎಂದಳು ಚಿಕ್ಕಮ್ಮ, ಮೈಸೂರನ್ನು ಎಷ್ಟು ಎಳೆದರೂ ವಿಜಯಪುರಕ್ಕೆ ಮುಟ್ಟದ ದನಿಯಲ್ಲಿ, ‘ಏಣಿ ಐತ್ರೀ, ಹಾವಿಲ್ರೀ. ಗೆರೆ ದಾಟಿದ್ ದುಡ್ಡಿಗೆ ಮಾತ್ರ ಮೇಲಿನ ರೇಟು ರೀ. ಆರು ಸಾವಿರದಲ್ಲಿ ಎರಡು ಸಾವಿರಕ್ಕೆ ಹನ್ನೆರಡು, ನಾಲ್ಕು ಸಾವಿರಕ್ಕೆ ಇಪ್ಪತ್ತೆರಡು…’ ಹಾಗೇ ಮಿಶಿಗನ್, ಡೆಟ್ರಾಯಿಟ್, ಎಪ್ಪತ್ತೆರಡು, ನಾನೂರ ಐವತ್ತೊಂಬತ್ತು, ಎಲ್ಲೂ ನಿಲ್ಲದೆ, ನಾಲ್ಕು ಸಾವಿರದ ತೊಂಬತ್ನಾಲ್ಕರವರೆಗೆ. ಒಂದೇ ಉಸಿರಲ್ಲಿ.

ಅಂಕಲ್ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದರು.

‘ಕೆಮ್ಮು ಭಾಳ ಕೆಟ್ಟೈತಿ,’ ಎಂದರು. ‘ಲೆಕ್ಕ ಬರೋಬ್ಬರಿ ಐತಿ.’